ಚಿಮ್ಮಣ್ಣ ಕಾಯದ ಅರ್ಧ ಗಂಟೆ

ಹುಲಿರಾಯನಿಗೂ ಕರಡಿರಾಯನಿಗೂ ಜಗಳ ಹತ್ತಿ ಕಾಡಿಗೆ ಮುಳ್ಳುಬೇಲಿ ಬಿತ್ತು, ಮಕ್ಕಳೇ. ಬೇಲಿ ಹಾದದ್ದು ಹುಲ್ಲುಪೇಟೆ ಎಂಬ ಮೊಲಗಳ ಊರಿನ ನಟ್ಟನಡುವೆ! ಅರ್ಧ ಊರು ಹುಲಿಯ ದೇಶ, ಅರ್ಧ ಕರಡಿಯ ದೇಶ. ಹುಲಿಯ ಕಡೆ ಹುಂಜ ಕೂಗಿದರೆ ಹತ್ತು ಗಂಟೆ. ಕರಡಿಯ ಕಡೆ ನವಿಲು ಕೂಗಿದರೆ ಹತ್ತು. ನವಿಲು ಕೂಗುವುದು ಹುಂಜನಿಗಿಂತ ಅರ್ಧ ಗಂಟೆ ತಡ.

ಗೇಟಿನಲ್ಲಿ ಮುಳ್ಳುಹಂದಿ ಮುಳ್ಳಪ್ಪನ ಕಾವಲು. ದಾಟುವವರು ಮುತ್ತುಗದ ಎಲೆ ತೋರಿಸಬೇಕು. ಹೋಗುವಾಗ ಅವನು ತನ್ನ ಮುಳ್ಳಿನಿಂದ ಅದಕ್ಕೊಂದು ತೂತು ಹಾಕುತ್ತಾನೆ, ಬರುವಾಗ ಇನ್ನೊಂದು. ದಿನಕ್ಕೆ ಎರಡೇ. ರಾಜರ ಅಜ್ಜ ಬಂದು ನಿಂತರೂ ಮೂರನೆಯದಿಲ್ಲ.

ಹುಲಿ ದೇಶದ ಚಿಮ್ಮಣ್ಣನಿಗೆ ಕರಡಿ ದೇಶದ ತುಂಬೆಯೊಡನೆ ಮದುವೆ ಗೊತ್ತಾಯಿತು. ಚಿಮ್ಮಣ್ಣ ಒಳ್ಳೆಯವನೇ, ಆದರೆ ಕೂತಲ್ಲಿ ಕೂರುವ ಮೊಲವಲ್ಲ. ಅವನು ಕೂತದ್ದನ್ನು ಕಂಡವರು ಊರಲ್ಲಿ ಇಬ್ಬರೇ. ಅವರೂ ಈಗ "ಅದು ಕನಸಿರಬೇಕು" ಅನ್ನುತ್ತಾರೆ.

ಮುಹೂರ್ತ ಹತ್ತಕ್ಕೆ. ಹುಂಜ ಕೂಗುವಷ್ಟರಲ್ಲಿ ಚಿಮ್ಮಣ್ಣ ಅವ್ವನ ಜೊತೆ ಗೇಟು ದಾಟಿ ಚಪ್ಪರದಲ್ಲಿ ಹಾಜರು!

"ಅಳಿಯಂದಿರೇ, ನಮ್ಮ ಹತ್ತಕ್ಕೆ ಇನ್ನೂ ಅರ್ಧ ಗಂಟೆಯಿದೆ. ಆರಾಮಾಗಿ ಕೂತ್ಕೊಳ್ಳಿ," ಅಂದರು ತುಂಬೆಯ ಅಪ್ಪ.

ಕೂತ. ಎದ್ದ. ಚಪ್ಪರದ ಕಂಬ ಎಣಿಸಿದ. ಓಲಗದ ಕಪ್ಪೆಗಳಿಗೆ ಊದುವುದು ಹೇಗೆಂದು ಹೇಳಿಕೊಟ್ಟು ಬೈಸಿಕೊಂಡ. ನವಿಲು ಮಾತ್ರ ಕೂಗಲಿಲ್ಲ.

"ಅವ್ವಾ, ಮನೆ ಬಾಗಿಲು ಹಾಕಿದ್ವಾ?"

"ಹಾಕಿದ್ದೀವಿ ಕಣೋ. ನೀನೇ ಮೂರು ಸಲ ತಳ್ಳಿ ನೋಡಿದೆ. ಅಲ್ಲಾಡಬೇಡ!"

"ಹೀಗೆ ಹೋಗಿ ಹೀಗೆ ಬಂದೆ!"

ಅವ್ವ ಬಾಲ ಹಿಡಿಯಲು ಕೈ ಚಾಚಿದಳು. ಮೊಲದ ಬಾಲ ಹಿಡಿಯುವಷ್ಟು ಎಲ್ಲಿರುತ್ತದೆ?

ಗೇಟಿನಲ್ಲಿ ಎರಡನೆಯ ತೂತು ಬಿತ್ತು. ಚಿಮ್ಮಣ್ಣ ಮನೆಗೆ ಓಡಿ ನೋಡಿದ. ಬಾಗಿಲು ಹಾಕಿಯೇ ಇತ್ತು. ಅಷ್ಟೇ ಬಿರುಸಿನಲ್ಲಿ ಮರಳಿ ಎಲೆ ಚಾಚಿದ.

"ಎರಡಾಯಿತಲ್ಲ ತಮ್ಮಾ, ನಾಳೆ ಬಾ," ಅಂದ ಮುಳ್ಳಪ್ಪ.

"ನನ್ನದೇ ಮದುವೆ ಕಣಣ್ಣಾ!"

"ಮದುವೆಗೆ ಅಂತ ಬೇರೆ ತೂತಿಲ್ಲ."

ನವಿಲು ಕೂಗಿತು. ಸುದ್ದಿ ಕೇಳಿ ತುಂಬೆ ಬೇಲಿಯ ಹತ್ತಿರ ಬಂದಳು. ಕೈಯಲ್ಲಿ ಚಿಮ್ಮಣ್ಣನಿಗೆಂದು ಹೆಣೆದ ಗರಿಕೆಯ ಹಾರ.

"ತುಂಬೆ, ನಾಳೆ ಖಂಡಿತ ಬರ್ತೀನಿ!"

ತುಂಬೆ ಹಾರದ ತುದಿಯನ್ನು ಬಾಯಿಗಿಟ್ಟು ನಿಧಾನವಾಗಿ ಅಗಿಯತೊಡಗಿದಳು.

"ನಮ್ಮನೇಲಿ ಅರ್ಧ ಗಂಟೆ ಕೂರೋಕಾಗಲಿಲ್ಲ ನಿಮಗೆ. ಜನ್ಮಪೂರ್ತಿ ನಿಮ್ಮ ಹಿಂದೆ ಓಡಲಾ? ನನ್ನ ಕೈಲಾಗಲ್ಲಪ್ಪ."

ಕೊನೆಯ ಎಳೆಯನ್ನೂ ನುಂಗಿ, ಮೀಸೆ ಒರೆಸಿಕೊಂಡು ಹೊರಟೇಹೋದಳು.

ನೀತಿ: ಸುಮ್ಮನೆ ಕೂತಿದ್ದರೆ ತಾನಾಗಿ ಬರುವುದನ್ನು, ಕೂರಲಾರದವನು ಓಡಾಡಿ ಕಳೆದುಕೊಳ್ಳುತ್ತಾನೆ.