ಹೊಟ್ಟೆಯೊಳಗಿನ ಹಿತೈಷಿ

ಆವರಿಕೆ ಗಿಡದ ಮೇಲೆ ಹಳದಿ ಚಿಟ್ಟೆಯೊಂದು ಮೊಟ್ಟೆಯಿಡುತ್ತಿತ್ತು. ಅದರ ಹೊಟ್ಟೆಯೊಳಗೆ ತಲೆಮಾರುಗಳಿಂದ ವಾಸವಾಗಿದ್ದ ಬ್ಯಾಕ್ಟೀರಿಯಾ ಗಂಡಾಗಬೇಕಿದ್ದ ಮೊಟ್ಟೆಗಳನ್ನೂ ಹೆಣ್ಣಾಗಿಸಿ ಕಳಿಸುತ್ತಿತ್ತು.

“ಒಂದಾದರೂ ಗಂಡಾಗಲಿ ಬಿಡಪ್ಪಾ,” ಎಂದು ಚಿಟ್ಟೆ ಬೇಡಿಕೊಂಡಿತು.

“ತಾಯೀ, ನಾನು ತಾಯಿಯಿಂದ ಮಾತ್ರ ಮಕ್ಕಳಿಗೆ ದಾಟಬಲ್ಲೆ, ತಂದೆಯಿಂದಲ್ಲ. ಮಗ ಹುಟ್ಟಿದರೆ ನನ್ನ ವಂಶ ಅವನಲ್ಲೇ ನಿಂತುಹೋಗುತ್ತದೆ. ನಿಮ್ಮ ಮನೆತನದ ಹಿತಕ್ಕೇ ಇಷ್ಟೆಲ್ಲ ದುಡಿಯುತ್ತಿದ್ದೇನೆ,” ಎಂದಿತು ಬ್ಯಾಕ್ಟೀರಿಯಾ.

ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಬಯಲಿನ ತುಂಬ ಹೆಣ್ಣು ಚಿಟ್ಟೆಗಳೇ ಉಳಿದವು. ಜೊತೆ ಸಿಗದೆ ಒಂದೊಂದಾಗಿ ಮುದಿಯಾಗಿ ಸತ್ತವು. ಕೊನೆಯ ಕೆಲವರಲ್ಲಿ ಒಬ್ಬಳ ರೆಕ್ಕೆ ಸೋತಾಗ ಒಳಗಿನಿಂದ ಬ್ಯಾಕ್ಟೀರಿಯಾ ಗಾಬರಿಯಾಗಿ ಕೂಗಿತು: “ಬೇಗ ಒಬ್ಬ ಗಂಡನನ್ನು ಹುಡುಕಮ್ಮಾ, ನನ್ನ ವಂಶ ಮುಳುಗುತ್ತಿದೆ!”

“ಎಲ್ಲ ಕಡೆ ಹುಡುಕಿ ಬಂದೆನಪ್ಪಾ. ಗಂಡಾಗಬೇಕಿದ್ದವರೆಲ್ಲ ನಿನ್ನ ಕೃಪೆಯಿಂದ ನನ್ನ ಗೆಳತಿಯರಾಗಿದ್ದಾರೆ,” ಎಂದು ಅವಳು ರೆಕ್ಕೆ ಮಡಚಿದಳು.