ಗೌಡರ ಸನ್ಮಾನದ ಶಾಲು

“ಅಕ್ಷರ ನಿನ್ನ ತಲಿಗೆ ಹತ್ತಂಗಿಲ್ಲ ಬಿಡು, ಹುಲಿಗೆಮ್ಮ,” ಎಂದಿದ್ದವರು ನಾನು ಕಸ ಗುಡಿಸುತ್ತಿದ್ದ ಮನೆಯ ಪಂಪನಗೌಡರು. ಆದರೂ ಆರು ವರ್ಷ ಕಿರಾಣಿ ಪೊಟ್ಟಣದ ಕಾಗದಗಳನ್ನು ಓದಿ ಓದಿ ನಾನು ಕಲಿತೆ.

ರಾಯಚೂರಿನ ಒಂದು ಮೇ ಮಧ್ಯಾಹ್ನ ಗೌಡರ ಏಸಿ ಬಿಸಿಗಾಳಿ ಊದತೊಡಗಿತು. ಅವರನ್ನು ಸನ್ಮಾನಕ್ಕೆ ಕರೆಯಲು ಬಂದ ಸಮಿತಿಯವರು ಬೆವರುತ್ತ ಕೂತಿದ್ದರು.

“ನೀನೇ ಒರೆಸಿ ಕೆಡಿಸೀದಿ. ನಾಳೆಯಿಂದ ಕೆಲಸಕ್ಕ ಬರಬ್ಯಾಡ!” ಗೌಡರು ನನ್ನ ಮೇಲೆ ಹರಿಹಾಯ್ದರು.

“ಮೆಕ್ಯಾನಿಕ್ ಬರೂದರೊಳಗ ನಾನೇ ತಂಪು ಮಾಡಿದರ?”

ಗೌಡರು ನಕ್ಕರು. “ಬೇಕಾದ್ದು ಕೇಳು, ಎಲ್ಲರ ಮುಂದ ಕೊಡ್ತೀನಿ.”

ಏಸಿಯ ಜೊತೆ ಬಂದಿದ್ದ ಪುಸ್ತಕದ ಕನ್ನಡ ಪುಟ ತೆರೆದು, ಬೆರಳಿಟ್ಟು ಓದಿದೆ. ರಿಮೋಟ್ ಕೂಲ್‌ನಲ್ಲೇ ಇತ್ತು. ಸ್ವಿಚ್ ಆರಿಸಿ ಫಿಲ್ಟರ್ ತೆಗೆದೆ. ಅದೂ ಶುಚಿ. ಹೊರಗಿನ ಪೆಟ್ಟಿಗೆಗೆ ಗಾಳಿ ಆಡಬೇಕು ಎಂದಿತ್ತು ಮುಂದಿನ ಸಾಲು. ಮಾಳಿಗೆ ಹತ್ತಿದೆ. ಆ ಪೆಟ್ಟಿಗೆಗೆ ಜರಿ ಶಾಲು ಸುತ್ತಿ ಹಗ್ಗ ಬಿಗಿದಿದ್ದರು! ಬಿಚ್ಚಿ ತಂದೆ. ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ ಹಾಕಿದೆ. ತಂಪು ಗಾಳಿ ಬಂತು.

“ಇದು ಹೋದ ವರ್ಷ ನಾವು ಹೊದಿಸಿದ ಶಾಲು ಅಲ್ಲೇನ್ರಿ, ಗೌಡ್ರ?” ಸಮಿತಿಯ ಅಧ್ಯಕ್ಷರು ಕೇಳಿದರು.

“ಪಾಪ, ಮಷಿನ್ ಬಿಸಿಲಾಗ ಒಣಗ್ತದಂತ ಇವತ್ತ ಮುಂಜಾನೆ ನಾನೇ...” ತಂಪಿನಲ್ಲೂ ಗೌಡರೊಬ್ಬರೇ ಬೆವರಿದರು. “ಏನು ಬೇಕು, ಕೇಳು.”

“ಇದೇ ಶಾಲು, ಗೌಡ್ರ. ನೀವೇ ಹೊದಿಸ್ರಿ.”

ಹೊದಿಸಿದರು. ಶಾಲು ಕಂಡ ಅಭ್ಯಾಸಕ್ಕೆ ಸಮಿತಿಯವರು ಚಪ್ಪಾಳೆ ತಟ್ಟಿದರು.

ಶಾಲು ಈಗ ನನ್ನ ಟ್ರಂಕಿನಲ್ಲಿದೆ. ಅದಕ್ಕೆ ನಾನು ತೆತ್ತದ್ದು ಆರು ವರ್ಷದ ಓದು, ಮತ್ತು ಮರುದಿನವೇ ಹೋದ ಆ ಮನೆಯ ಕೆಲಸ. ಅಗ್ಗಕ್ಕೇ ಸಿಕ್ಕಿತು.