ಕಡಲವ್ವನ ಮಗಳು ಎಣ್ಣೆಯಾದದ್ದು

ಲೋಕ ಆಗಿನ್ನೂ ಹೊಸದು. ಬೆಟ್ಟಗಳಿಗೆ ಹೆಸರಿರಲಿಲ್ಲ, ಹಕ್ಕಿಗಳು ಹುಟ್ಟಿರಲಿಲ್ಲ. ಒಂದು ದಿನ, ಎಲ್ಲ ದಿನಗಳಂತೆಯೇ, ಬಿಸಿಲು ಬಂತು. ಕಡಲವ್ವ ಮಕ್ಕಳ ಮೈ ತೊಳೆಯುತ್ತಿದ್ದಳು.

ಅವಳ ಮಕ್ಕಳೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು. ಎಲ್ಲರಿಗಿಂತ ಕಿರಿಯವಳು ಹಸಿರಿ, ಬಲು ಮಾತುಗಾತಿ.

“ಅವ್ವಾ, ಬಿಸಿಲು ತಿಂದೆ. ಹೊಟ್ಟೆಯೊಳಗೆ ಕಚಗುಳಿ ಇಡ್ತಿದೆ.”

“ಬಾಯಿತುಂಬ ಇಟ್ಕೊಂಡು ಮಾತಾಡಬೇಡ. ಕೈ ಮಾತ್ರ ಬಿಡಬೇಡ,” ಅಂದಳು ಕಡಲವ್ವ.

ಕೈ ಹಿಡಿದಿರುವುದು ಲೋಕದ ಮೊದಲ ನಿಯಮ. ಹಸಿರಿಯ ಮೈ ಪರಮಾಣುಗಳೆಂಬ ಪುಟಾಣಿಗಳಿಂದ ಆದದ್ದು. ಅವರಲ್ಲಿ ಇಂಗಾಲನಿಗೆ ನಾಲ್ಕು ಕೈ, ಆಮ್ಲಜನಕನಿಗೆ ಎರಡು, ಜಲಜನಕನಿಗೆ ಒಂದೇ ಒಂದು. ಯಾರ ಕೈಯೂ ಖಾಲಿ ಇರುವಂತಿಲ್ಲ. ಕಡಲವ್ವನ ಮೈಯಲ್ಲೂ ಆಮ್ಲಜನಕನಿದ್ದ. ಅವನು ಅವ್ವನ ತವರಿನವನಿದ್ದ ಹಾಗೆ. ಹಸಿರಿಯ ಮೈಯಲ್ಲಿ ಅವನು ಕೂತ ಕಡೆಯೇ ಅವ್ವನಿಗೆ ಹಿಡಿತ ಸಿಗುತ್ತಿತ್ತು.

ಅಷ್ಟರಲ್ಲಿ ಹೊಳೆಯಕ್ಕ ಬಂದಳು. ದಿನಾ ಬರುವವಳೇ. ಆ ದಿನ ಅವಳ ಮಡಿಲ ತುಂಬ ಕೆಸರು.

“ದಾರಿ ಬಿಡ್ರೇ! ಬೆಟ್ಟ ಕುಸೀತು, ನನ್ನ ಕೈಲಿ ತಡೆಯೋಕಾಗ್ತಿಲ್ಲ!”

ಅಷ್ಟೇ. ಹಸಿರಿಯ ಕೈ ಇದ್ದ ಜಾಗದಲ್ಲಿ ಮಣ್ಣಿತ್ತು. ಕಡಲವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಏನಾಯ್ತೇ ತಂಗೀ?” ಅಂದ ಅವಳ ಅಣ್ಣ ಗಾಳಿಮಾವ.

“ಈಗ ಇಲ್ಲೇ ಇದ್ದಳು.”

ಮಣ್ಣಿನ ಮೇಲೆ ಮಣ್ಣು ಬಿತ್ತು. ಮಣ್ಣು ಕಲ್ಲಾಯಿತು. ಹೊಸ ಮೀನುಗಳು ಬಂದು ಕೇಳಿದವು, ಕಡಲವ್ವ ಅಂದಳು, “ಈಗ ಇಲ್ಲೇ ಇದ್ದಳು.” ಲೋಕದ ಮೊದಲ ಹಕ್ಕಿ ಬಂದು ಕೇಳಿತು. ಅದಕ್ಕೂ ಅದೇ ಮಾತು.

ಕೆಳಗೆ ಕತ್ತಲು. ಮೇಲಿಂದ ಕಲ್ಲಿನ ಭಾರ, ಅಡಿಯಿಂದ ಭೂಮಿಯ ಬಿಸಿ. ಆ ಬಿಸಿಗೆ ಆಮ್ಲಜನಕ ಕೈ ಬಿಟ್ಟು ಹೋದ. ಉಳಿದ ಇಂಗಾಲರು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿಯಾದರು. ಮಿಕ್ಕ ಕೈಗಳನ್ನೆಲ್ಲ ಜಲಜನಕರು ಹಿಡಿದುಕೊಂಡರು. ಗಿಡ್ಡ ಸರಪಳಿಗಳು ಹಗುರವಾಗಿ ಅನಿಲವಾದವು, ನಡುವಿನವು ತೆಳ್ಳಗೆ ಹರಿದವು, ಉದ್ದದವು ಡಾಂಬರಿನಂತೆ ಮಂದವಾದವು. ಎಲ್ಲ ಸೇರಿ ಕಪ್ಪು ಎಣ್ಣೆ.

ಒಂದು ದಿನ ಕಲ್ಲು ಬಿರಿಯಿತು. ಬಿರುಕಿನಿಂದ ಕಪ್ಪಗೆ ಏನೋ ಮೇಲೆ ಬಂತು. ಕಡಲವ್ವ ಬೆಚ್ಚಿ ಹಿಂದೆ ಸರಿದಳು.

“ಯಾರೇ ನೀನು? ಏನೀ ವಾಸನೆ?”

“ಅವ್ವಾ, ನಾನೇ. ಹಸಿರಿ.”

ಕಡಲವ್ವ ಅವಳ ಕೈ ಹಿಡಿದಳು. ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು.

“ನನ್ನ ತವರಿನವನೆಲ್ಲಿ?”

“ಹೋದ ಅವ್ವಾ. ನಿನಗೆ ಕೊಡೋಕೆ ನನ್ನ ಹತ್ತಿರ ಕೈಯೇ ಉಳಿದಿಲ್ಲ.”

ಮಗಳು ತಾಯಿಯ ಬೆನ್ನ ಮೇಲೆಯೇ ತೇಲುತ್ತಿದ್ದಳು. ತಾಯಿಯೊಳಗೆ ಬೆರೆಯಲಾರಳು.

ಗಾಳಿಮಾವ ಮೆಲ್ಲಗೆ ಅಂದ, “ಆಮ್ಲಜನಕ ನನ್ನ ಹತ್ತಿರ ಬೇಕಾದಷ್ಟಿದ್ದಾನೆ. ಆದರೆ ಈ ಇಂಗಾಲ, ಜಲಜನಕರು ಸುಮ್ಮನೆ ಕೈ ಬಿಡೋರಲ್ಲ. ಒಂದು ಕಿಡಿ ಬೇಕು.”

“ಸೋದರಸೊಸೆನ ಸುಡು ಅಂತೀಯಾ? ನಿನ್ನ ಬಾಯಿಗೆ ಮಣ್ಣು ಬೀಳ!”

“ಅವ್ವಾ,” ಅಂದಳು ಹಸಿರಿ, “ಅವತ್ತು ತಿಂದ ಬಿಸಿಲು ಇನ್ನೂ ಒಳಗೇ ಇದೆ. ಅದು ಹೊರಗೆ ಬರಲಿ, ಬಿಡು.”

ಕಡಲವ್ವ ಮಗಳತ್ತ ಕೈ ಚಾಚಿದಳು. ಮಿಂಚು ಬಿತ್ತು.

ಹಸಿರಿ ಉರಿದಳು. ಬಚ್ಚಿಟ್ಟಿದ್ದ ಬಿಸಿಲೆಲ್ಲ ಹೊರಗೆ ಬಂತು. ಇಂಗಾಲನೊಬ್ಬ ಇಬ್ಬರು ಆಮ್ಲಜನಕರ ಕೈ ಹಿಡಿದು, ಕಣ್ಣಿಗೆ ಕಾಣದಂತೆ ಗಾಳಿಮಾವನ ಜೊತೆ ಹೊರಟ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಬೆಂಕಿ ಆರಿತು. ಅಲ್ಲಿ ಏನೂ ಇರಲಿಲ್ಲ.

ಕಡಲವ್ವನ ಕೈ ಚಾಚಿದಂತೆಯೇ ಇತ್ತು.

ಆದರೆ ಜಲಜನಕರು ಇಬ್ಬಿಬ್ಬರಾಗಿ ಒಬ್ಬೊಬ್ಬ ಆಮ್ಲಜನಕನನ್ನು ಹಿಡಿದು ಹಬೆಯಾಗಿದ್ದರು. ಹಬೆ ದಡದ ತಣ್ಣನೆಯ ಬಂಡೆಗೆ ತಾಗಿ ನೀರಾಯಿತು. ಬಂಡೆಯಿಂದ ಒಂದು ಹನಿ ಜಾರಿ ಆ ಕೈಗೆ ಬಿತ್ತು. ಜಾರಿ ಹೋಗಲಿಲ್ಲ.

“ಸಿಕ್ಕಳೇನೇ?” ಅಂದ ಗಾಳಿಮಾವ. ಕಡಲವ್ವ ಆ ಕೈಯನ್ನು ಮಡಚಿ ಎದೆಗೊತ್ತಿಕೊಂಡಳು.

ಹಸಿರಿಯ ಅಕ್ಕಂದಿರು ಇನ್ನೂ ಎಷ್ಟೋ ಮಂದಿ ಕಲ್ಲಿನಡಿ ಉಳಿದಿದ್ದರು. ಅವರನ್ನು ಮೇಲೆ ತಂದು, ಸೋಸಿ, ಪೆಟ್ರೋಲ್ ಎಂದು ಹೆಸರಿಟ್ಟು ನಾವು ಸ್ಕೂಟರಿಗೆ ತುಂಬಿಸುತ್ತೇವೆ. ಚಳಿಗಾಲದ ಮುಂಜಾನೆ ಸ್ಕೂಟರ್ ಸ್ಟಾರ್ಟ್ ಮಾಡಿದರೆ, ಸೈಲೆನ್ಸರಿನ ತುದಿಯಿಂದ ನೀರು ತೊಟ್ಟಿಕ್ಕುತ್ತದೆ.